ಅಷ್ಟೆಲ್ಲ ನೋಡಿದರೂ ಏನೂ ಗೊತ್ತಾಗಲಿಲ್ಲ ಯಾಕೆ?

ಪ್ರಶ್ನೆ: ನಮ್ಮದು ಪೊನ್ನಂಪೇಟೆ ಹತ್ತಿರದ ಊರು. ಅಜ್ಜ 1965ರ ಯುದ್ಧದಲ್ಲಿ ಇದ್ದವರು. ಈಗ ನನ್ನ ತಮ್ಮನೂ ಸೇನೆಯಲ್ಲಿ, ಜಮ್ಮು ಕಡೆ ಇದ್ದಾನೆ. 2025ರ ಮೇನಲ್ಲಿ ಭಾರತ, ಪಾಕಿಸ್ತಾನ ಕಾದಾಡಿದ ಆ ಮೂರು ನಾಲ್ಕು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಕೈಯಲ್ಲಿ ಮೊಬೈಲ್, ಎದುರಿಗೆ ಟಿವಿ. ನೂರಾರು ವಿಡಿಯೋ ನೋಡಿದೆ. ಬೆಳಿಗ್ಗೆ ಅಜ್ಜಿ "ಏನಾಯ್ತು?" ಅಂತ ಕೇಳಿದರೆ ಹೇಳುವುದಕ್ಕೆ ಒಂದು ಮಾತೂ ಇರಲಿಲ್ಲ. "ನಮಗೆ ಒಂದೇ ರೇಡಿಯೋ ಇತ್ತು, ಇಷ್ಟು ಹೆದರಿಕೆ ಇರಲಿಲ್ಲ" ಅಂತಾರೆ ಅಜ್ಜಿ. ಅದು ನಿಜವಾ? ಇನ್ನೊಂದು ವಿಷಯ. ಅಜ್ಜ ಯುದ್ಧದ ಸಮಯದಲ್ಲಿ ಬರೆದ ಕಾಗದಗಳು ಟ್ರಂಕಿನಲ್ಲಿವೆ. ಅವುಗಳ ಫೋಟೊ ಫೇಸ್‌ಬುಕ್‌ಗೆ ಹಾಕಬಹುದಾ?

ಉತ್ತರ: ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ನೆನಪಾದದ್ದು ಒಂದು ಫಾರಂ. ನಾನು ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ 26 ವರ್ಷ ಇದ್ದವನು. ಜಬಲ್ಪುರದ ತರಬೇತಿ ಕೇಂದ್ರದಲ್ಲಿ ಮೆಸೇಜ್ ಫಾರಂ ತುಂಬುವುದನ್ನು ತಲೆಗೆ ಹೊಡೆದು ಕಲಿಸುತ್ತಿದ್ದರು. ಒಳಗಿನ ಸುದ್ದಿ ಏನೇ ಇರಲಿ, ಮೇಲ್ಗಡೆ ಕೆಲವು ಖಾನೆ ತುಂಬಲೇಬೇಕು. ಯಾರು ಕಳಿಸಿದ್ದು, ಯಾರಿಗೆ, ಯಾವ ದಿನ ಎಷ್ಟು ಗಂಟೆಗೆ ಬರೆದದ್ದು, ಎಷ್ಟು ತುರ್ತು. ತುರ್ತಿನಲ್ಲೂ ದರ್ಜೆಗಳಿವೆ. ಎಲ್ಲಕ್ಕಿಂತ ಮೇಲೆ ಫ್ಲ್ಯಾಶ್. ತಳದಲ್ಲಿ ರೊಟೀನ್. ಫ್ಲ್ಯಾಶ್ ಬಂದರೆ ಉಳಿದದ್ದೆಲ್ಲ ಪಕ್ಕಕ್ಕೆ ಸರಿಯಬೇಕು. ಅದಕ್ಕೇ ಸುಮ್ಸುಮ್ನೆ ಫ್ಲ್ಯಾಶ್ ಹಾಕಿದವನಿಗೆ ಬೈಗುಳ ಗ್ಯಾರಂಟಿ. ಖಾನೆ ಖಾಲಿ ಬಿಟ್ಟ ಫಾರಂ ಬಂದರೆ ನಾವು ವಾಪಸ್ ಕೊಡುತ್ತಿದ್ದೆವು, ತಂದವನು ಯಾರ ಹೆಸರು ಹೇಳಿದರೂ ಅಷ್ಟೇ.

ಈಗ ಆ ರಾತ್ರಿ ನಿಮ್ಮ ಮೊಬೈಲಿಗೆ ಬಂದ ಒಂದು ವಿಡಿಯೋವನ್ನು ಈ ಫಾರಂ ಪಕ್ಕ ಇಟ್ಟು ನೋಡಿ. ಯಾರು ಕಳಿಸಿದ್ದು? ನಿಮ್ಮ ಚಿಕ್ಕಪ್ಪನ ಮಗ. ಆದರೆ ಅವನು ತೆಗೆದದ್ದಲ್ಲ. ಎಷ್ಟು ಗಂಟೆಗೆ? ವಾಟ್ಸಾಪ್ ತೋರಿಸುವುದು ಅವನು ಬೆರಳು ಒತ್ತಿದ ಹೊತ್ತನ್ನು, ಘಟನೆ ನಡೆದ ಹೊತ್ತನ್ನಲ್ಲ. ಎಲ್ಲಿಂದ? ಗೊತ್ತಿಲ್ಲ. ಮೊಬೈಲಿನಲ್ಲಿ ತೆಗೆದ ಫೋಟೊದ ಒಳಗೆ ತೆಗೆದ ದಿನ, ಹೊತ್ತು, ಕೆಲವು ಸಲ ಜಾಗ ಕೂಡ ಅಡಗಿರುತ್ತದೆ. ಆದರೆ ಅದನ್ನು ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದಾಗ ಆ ವಿವರ ಕಳಚಿಹೋಗುತ್ತದೆ. ಖಾಸಗಿತನದ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಸುದ್ದಿಯ ಮೇಲ್ಗಡೆಯ ಖಾನೆಗಳೆಲ್ಲ ಖಾಲಿ. ಇನ್ನು ತುರ್ತಿನ ಮಾತು ಕೇಳಲೇಬೇಡಿ. ಗುಡ್ ಮಾರ್ನಿಂಗ್ ಹೂವಿನ ಚಿತ್ರಕ್ಕೂ ಬಾಂಬಿನ ಸುದ್ದಿಗೂ ಅದೇ ಟಿಣ್ ಸದ್ದು. ಎಲ್ಲವೂ ಫ್ಲ್ಯಾಶ್.

ನೂರಾರು ವಿಡಿಯೋ ನೋಡಿಯೂ ಅಜ್ಜಿಗೆ ಹೇಳಲು ಏನೂ ಸಿಗಲಿಲ್ಲ ಅಂದಿರಲ್ಲ, ಅದಕ್ಕೆ ಕಾರಣ ನಿಮ್ಮ ದಡ್ಡತನ ಅಲ್ಲ. ನಿಮಗೆ ಬಂದದ್ದು ತಲೆಯಿಲ್ಲದ ಮುಂಡಗಳು. ಅವುಗಳನ್ನು ಎಷ್ಟು ಗುಡ್ಡೆ ಹಾಕಿದರೂ ಒಂದು ಸುದ್ದಿ ಆಗುವುದಿಲ್ಲ.

ಮೇ 7ರ ನಸುಕಿನಿಂದ 10ರ ಸಂಜೆವರೆಗೆ ಓಡಾಡಿದ್ದನ್ನು ನೀವೂ ನೋಡಿದ್ದೀರಿ. ಕಂಪ್ಯೂಟರ್ ಯುದ್ಧದ ಆಟವೊಂದರ ತುಣುಕುಗಳು ನಿಜವಾದ ವಿಮಾನ ಬೀಳಿಸಿದ ದೃಶ್ಯ ಅಂತ ಓಡಿದವು. ಗಾಜಾದ ಹಳೆಯ ವಿಡಿಯೋಗಳಿಗೆ ಹೊಸ ಹೆಸರು ಬಂತು. ಕರಾಚಿ ಬಂದರು ನಾಶವಾಯಿತು ಅಂತ ಕೆಲವು ಚಾನೆಲ್‌ಗಳು ರಾತ್ರಿಯಿಡೀ ಹೇಳಿದವು. ಬಂದರಿಗೆ ಏನೂ ಆಗಿರಲಿಲ್ಲ. ಗಡಿಯ ಆಚೆಯೂ ಇದೇ ಕತೆ ಬೇರೆ ಬಣ್ಣದಲ್ಲಿ ನಡೆಯುತ್ತಿತ್ತು. ನನಗೆ ಜಾಸ್ತಿ ಸಿಟ್ಟು ಬಂದದ್ದು ಸೈರನ್ ವಿಷಯಕ್ಕೆ. ಟಿವಿಯವರು ಕಾರ್ಯಕ್ರಮದ ಹಿನ್ನೆಲೆಗೆ ವಾಯುದಾಳಿಯ ಸೈರನ್ ಬಾರಿಸುತ್ತಿದ್ದರು. ಅದನ್ನು ನಿಲ್ಲಿಸಿ ಅಂತ ನಾಗರಿಕ ರಕ್ಷಣೆಯ ಇಲಾಖೆ ಕೇಳಿಕೊಳ್ಳಬೇಕಾಯಿತು. ಜಮ್ಮುವಿನಲ್ಲಿ ಆ ಸದ್ದು ಕೇಳಿದರೆ ಜನ ದೀಪ ಆರಿಸಿ ಒಳಗೆ ಓಡಬೇಕು. ಅದನ್ನೇ ಕೊಡಗಿನ ಹಜಾರದಲ್ಲಿ ದಿನಕ್ಕೆ ಐವತ್ತು ಸಲ ಕೇಳಿಸಿದರೆ, ನಿಜವಾದ ಸೈರನ್ ಕೂಗಿದ ದಿನ ಯಾರು ಏಳುತ್ತಾರೆ?

ಇನ್ನು ಅಜ್ಜಿಯ ಮಾತಿಗೆ ಬರೋಣ. ಅವರು ಹೇಳಿದ್ದು ಅರ್ಧ ನಿಜ.

1965ರಲ್ಲಿ ನಮ್ಮ ಕಡೆ ರೇಡಿಯೋ ಇದ್ದ ಮನೆಗಳನ್ನು ಎಣಿಸಬಹುದಿತ್ತು. ಸುದ್ದಿಯ ಹೊತ್ತಿಗೆ ಸುತ್ತಲಿನವರು ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಸುದ್ದಿ ಮುಗಿದ ಮೇಲೆ ಸೆಟ್ ಬಂದ್. ಬ್ಯಾಟರಿ ಉಳಿಸಬೇಕಲ್ಲ. ಮುಂದಿನ ಸುದ್ದಿವರೆಗೆ ತೋಟದ ಕೆಲಸ, ದನ, ಅಡುಗೆ. ಯುದ್ಧಕ್ಕೆ ಒಂದು ಹೊತ್ತು ಇತ್ತು, ಒಂದು ಜಾಗ ಇತ್ತು. ಮುಖ್ಯವಾಗಿ, ಕೇಳುವಾಗ ಪಕ್ಕದಲ್ಲಿ ಜನ ಇದ್ದರು. ಭಯವನ್ನು ಹಂಚಿಕೊಂಡು ಎದ್ದು ಹೋಗಬಹುದಿತ್ತು. ನೀವು ರಾತ್ರಿ ಎರಡು ಗಂಟೆಗೆ ಹೊದಿಕೆ ಒಳಗೆ ಒಬ್ಬರೇ ನೋಡಿದಿರಿ. ಅಜ್ಜಿಯ ನೆನಪು ಈ ವ್ಯತ್ಯಾಸವನ್ನು ಸರಿಯಾಗಿಯೇ ಹಿಡಿದಿದೆ.

ಆದರೆ ಆ ರೇಡಿಯೋ ಎಲ್ಲವನ್ನೂ ಹೇಳುತ್ತಿತ್ತು ಅಂದುಕೊಂಡರೆ ತಪ್ಪು. ಆಕಾಶವಾಣಿ ಸರ್ಕಾರದ ಬಾಯಿ. 1962ರ ನವೆಂಬರ್‌ನಲ್ಲಿ, ಚೀನಾ ಜೊತೆಗಿನ ಯುದ್ಧದಲ್ಲಿ, ಈಗಿನ ಅರುಣಾಚಲದ ಬೊಮ್ಡಿಲಾ ಕೈತಪ್ಪಿದಾಗ ನೆಹರು ರೇಡಿಯೋದಲ್ಲಿ ಮಾತಾಡಿದರು. ಅಸ್ಸಾಂ ಜನರ ಬಗ್ಗೆ ತಮ್ಮ ಮನಸ್ಸು ಮರುಗುತ್ತಿದೆ ಅಂದರು. ದಕ್ಷಿಣದಲ್ಲಿ ಕೂತು ಕೇಳಿದವರಿಗೆ ಅದು ದುಃಖದ ಮಾತು. ಅಸ್ಸಾಮಿನಲ್ಲಿ ಕೇಳಿದವರಿಗೆ, ನಮ್ಮನ್ನು ಕೈಬಿಟ್ಟರು ಅಂತ ಕೇಳಿಸಿತು. ಆ ನೋವನ್ನು ಅಲ್ಲಿನವರು ಇವತ್ತೂ ಹೇಳುತ್ತಾರೆ. ಒಂದೇ ಧ್ವನಿ, ಒಂದೇ ಮಾತು. ಕೇಳುವವರು ಯುದ್ಧಕ್ಕೆ ಎಷ್ಟು ಹತ್ತಿರ ಇದ್ದಾರೆ ಅನ್ನುವುದರ ಮೇಲೆ ಅರ್ಥ ಬೇರೆಯಾಯಿತು.

ನಮ್ಮ ಜಿಲ್ಲೆಯದೇ ಇನ್ನೂ ದೊಡ್ಡ ಉದಾಹರಣೆ ಇದೆ. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತವನ್ನು ನೀವು ನೂರು ಸಲ ದಾಟಿರುತ್ತೀರಿ. 1965ರ ಸೆಪ್ಟೆಂಬರ್ 7ರಂದು ಅವರು ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಗೆ ಹೋದರು. ವಾಪಸ್ ಬರಲಿಲ್ಲ. ಮನೆಗೆ ಬಂದ ಸುದ್ದಿ ಅಷ್ಟೇ: ಕಾಣೆಯಾಗಿದ್ದಾರೆ. ಅವರು ತಮಗಿಂತ ಎಷ್ಟೋ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನದ ಜೊತೆ ಆಕಾಶದಲ್ಲಿ ಹೋರಾಡಿ ಅದನ್ನು ಬೀಳಿಸಿದ್ದರು ಅನ್ನುವುದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಾಕಿಸ್ತಾನದ ಕಡೆಯ ದಾಖಲೆ ನೋಡಿದ ಬ್ರಿಟಿಷ್ ಲೇಖಕರೊಬ್ಬರು 1979ರಲ್ಲಿ ಬರೆದ ಪುಸ್ತಕದಿಂದ ಆ ಸಂಗತಿ ಹೊರಬಂತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ. ಅಜ್ಜಿಯ ಕಾಲದ ನೆಮ್ಮದಿಯ ಒಳಗೆ ಇಂಥ ಕತ್ತಲೂ ಇತ್ತು.

ಅದೇ ಯುದ್ಧದ ಇನ್ನೊಂದು ಕತೆ ನಿಮ್ಮ ಅಜ್ಜಿಗೆ ಖಂಡಿತ ಗೊತ್ತಿರುತ್ತದೆ. ಸೆಪ್ಟೆಂಬರ್ 22ರಂದು, ಕದನ ನಿಲ್ಲುವುದಕ್ಕೆ ಸ್ವಲ್ಪ ಮುಂಚೆ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಮಗನ ಹಂಟರ್ ವಿಮಾನ ಬಿತ್ತು. ಅವರು ಸೆರೆಯಾದರು. ಕಾರ್ಯಪ್ಪ ಆಗ ನಿವೃತ್ತರಾಗಿ ಮಡಿಕೇರಿಯಲ್ಲಿ ಇದ್ದರು. ಮಗ ಸಿಕ್ಕಿಬಿದ್ದ ಸುದ್ದಿಯನ್ನು ರೇಡಿಯೋ ಪಾಕಿಸ್ತಾನ ಬಿತ್ತರಿಸಿತು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಹಿಂದೆ ಕಾರ್ಯಪ್ಪ ಅವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಟ್ಟುಬಿಡುತ್ತೇನೆ ಅಂತ ಹೇಳಿ ಕಳಿಸಿದರಂತೆ. ಅಲ್ಲಿರುವ ಎಲ್ಲ ಸೈನಿಕರೂ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಅಂದರಂತೆ ಇವರು. ಕೊಡಗಿನಲ್ಲಿ ಇದು ಎಲ್ಲರ ಬಾಯಲ್ಲೂ ಇರುವ ಮಾತು.

ಇದರ ಪಕ್ಕ 2019ರ ಫೆಬ್ರವರಿ 27 ಇಡಿ. ವಿಂಗ್ ಕಮಾಂಡರ್ ಅಭಿನಂದನ್ ಮಿಗ್‌ನಿಂದ ಧುಮುಕಿ ಆಚೆ ಬದಿಗೆ ಬಿದ್ದರು. ಕೆಲವೇ ಗಂಟೆಗಳಲ್ಲಿ ಊರವರ ಮೊಬೈಲ್ ವಿಡಿಯೋ ಬಂತು. ಮುಖದ ರಕ್ತ ಬಂತು. ಆಮೇಲೆ ಚಹಾ ಕುಡಿಯುತ್ತಿರುವ ವಿಡಿಯೋ ಬಂತು. ಅವರ ಅಪ್ಪ ಅಮ್ಮ ಅದನ್ನು ನೋಡಿದ್ದು ಕೋಟ್ಯಂತರ ಅಪರಿಚಿತರ ಜೊತೆಗೆ. ಒಂದು ದೃಷ್ಟಿಯಿಂದ ಆ ವಿಡಿಯೋ ಅವರ ಜೀವಕ್ಕೆ ಕಾವಲೂ ಆಯಿತು ಅನ್ನುತ್ತೇನೆ. ಬದುಕಿದ್ದಾರೆ ಅಂತ ಜಗತ್ತೇ ನೋಡಿದ ಮೇಲೆ ಮುಚ್ಚಿಡುವುದು ಕಷ್ಟ. ಮಾರ್ಚ್ 1ರ ರಾತ್ರಿ ಅವರು ಗಡಿ ದಾಟಿ ಬಂದರು. ಆದರೆ ಕಾರ್ಯಪ್ಪ ಅವರಿಗೆ ಯೋಚಿಸಿ ಉತ್ತರ ಕೊಡುವುದಕ್ಕೆ ತಮ್ಮ ಮನೆಯ ಮೌನ ಇತ್ತು. ಈಗಿನ ಅಪ್ಪನಿಗೆ ಬಾಗಿಲಲ್ಲಿ ಹತ್ತು ಮೈಕು ಕಾಯುತ್ತಿರುತ್ತವೆ.

ಹಾಗಾದರೆ ಸುದ್ದಿ ಬೇಗ ಬರುವುದು ತಂತ್ರಜ್ಞಾನದ ಮಹಿಮೆಯಾ? ಅಷ್ಟು ಸರಳ ಅಲ್ಲ. 1854ರ ಅಕ್ಟೋಬರ್ 25ರಂದು ಕ್ರಿಮಿಯಾದ ಬಾಲಕ್ಲಾವಾದಲ್ಲಿ ಬ್ರಿಟಿಷ್ ಕುದುರೆ ಪಡೆಯೊಂದಕ್ಕೆ ಭಾರಿ ಪೆಟ್ಟು ಬಿತ್ತು. ಅದರ ವರದಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಂದದ್ದು ನವೆಂಬರ್ 14ಕ್ಕೆ. 20 ದಿನ. ಅದಾಗಿ 128 ವರ್ಷಕ್ಕೆ, 1982ರಲ್ಲಿ, ಅದೇ ಬ್ರಿಟನ್ ಫಾಕ್ಲೆಂಡ್ ದ್ವೀಪಗಳಿಗಾಗಿ ಅರ್ಜೆಂಟೀನಾ ಜೊತೆ ಹೋರಾಡಿತು. ಆಗ ಉಪಗ್ರಹ ಇತ್ತು, ಬಣ್ಣದ ಟಿವಿ ಇತ್ತು. ಆದರೂ ಕೆಲವು ದೃಶ್ಯಗಳು ಮನೆ ಸೇರಲು ಮೂರು ವಾರ ಹಿಡಿದವು. ಪತ್ರಕರ್ತರು ನೌಕಾಪಡೆಯ ಹಡಗಿನಲ್ಲಿದ್ದರು. ಹೊರಗೆ ಕಳಿಸುವ ದಾರಿ ನೌಕಾಪಡೆಯ ಕೈಯಲ್ಲೇ ಇತ್ತು. ಫಿಲ್ಮ್ ಹಡಗಿನಲ್ಲೇ ಬರಬೇಕಾಯಿತು. ತಂತಿ ಯಾರ ಕೈಲಿದೆ ಅನ್ನುವುದನ್ನು ನಾವು ಸಿಗ್ನಲ್ಸ್‌ನವರು ಮೊದಲು ಕೇಳುತ್ತೇವೆ. ಅದೇನು ಮಾಡಬಲ್ಲದು ಅನ್ನುವುದು ಆಮೇಲಿನ ಮಾತು.

1914ರ ಆಗಸ್ಟ್ 5ನ್ನೇ ನೋಡಿ. ಬ್ರಿಟನ್ ಯುದ್ಧ ಸಾರಿದ ಮರುದಿನದ ನಸುಕಿನಲ್ಲಿ ಅಲರ್ಟ್ ಅನ್ನುವ ಹಡಗು ಸಮುದ್ರಕ್ಕೆ ಇಳಿದು ಜರ್ಮನಿಯ ಕೇಬಲ್‌ಗಳನ್ನು ಎಳೆದು ಕತ್ತರಿಸಿತು. ಇನ್ನೂ ದೊಡ್ಡ ಲಡಾಯಿಯೇ ಶುರುವಾಗಿರಲಿಲ್ಲ, ಮೊದಲು ಕತ್ತರಿ ಬಿದ್ದದ್ದು ತಂತಿಗೆ. ಅಲ್ಲಿಂದ ಮುಂದೆ ಜರ್ಮನಿ ಅಮೆರಿಕಕ್ಕೆ ಏನು ಹೇಳಬೇಕಾದರೂ ವೈರ್‌ಲೆಸ್‌ನಲ್ಲಿ ಅಥವಾ ಬೇರೆಯವರ ಕೇಬಲ್‌ನಲ್ಲಿ ಹೇಳಬೇಕು. ಬ್ರಿಟಿಷರು ಕದ್ದು ಕೇಳಲು ಕೂತಿದ್ದರು. 1917ರಲ್ಲಿ ಜರ್ಮನಿಯ ವಿದೇಶ ಮಂತ್ರಿ ಜಿಮ್ಮರ್‌ಮನ್ ಮೆಕ್ಸಿಕೋಗೆ ಕಳಿಸಿದ ಗುಟ್ಟಿನ ತಂತಿ ಅವರ ಕೈಗೆ ಸಿಕ್ಕಿದ್ದು ಹಾಗೆ. ಅಮೆರಿಕದ ಜನ ಯುದ್ಧದ ಪರ ತಿರುಗುವುದಕ್ಕೆ ಅದು ದೊಡ್ಡ ಕಾರಣ. ಇವತ್ತೂ ಖಂಡದಿಂದ ಖಂಡಕ್ಕೆ ಹೋಗುವ ಇಂಟರ್‌ನೆಟ್‌ನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಸಮುದ್ರದಡಿಯ ಕೇಬಲ್‌ನಲ್ಲೇ ಓಡುತ್ತದೆ. ಮೋಡದಲ್ಲಿ ತೇಲುತ್ತಿದೆ ಅಂತ ಜನ ಅಂದುಕೊಂಡಿದ್ದಾರೆ, ಪಾಪ.

ಟಿವಿಯ ಮೊದಲ ನೇರಪ್ರಸಾರದ ಯುದ್ಧ ಅಂತ ಎಲ್ಲರೂ ಹೇಳುವುದು 1991ರ ಕೊಲ್ಲಿ ಯುದ್ಧವನ್ನು. ಅದರಲ್ಲೊಂದು ತಮಾಷೆ ಇದೆ. ಜನವರಿ 17ರ ಆ ಮೊದಲ ರಾತ್ರಿ ಸಿಎನ್‌ಎನ್‌ನ ಮೂವರು ಬಾಗ್ದಾದ್‌ನ ಹೋಟೆಲಿನಿಂದ ವರದಿ ಮಾಡಿದರಲ್ಲ, ಅವರ ಹತ್ತಿರ ಇದ್ದದ್ದು ಬರೀ ಧ್ವನಿ. ಊರಿನ ಟೆಲಿಫೋನ್ ಎಕ್ಸ್‌ಚೇಂಜ್ ಮೂಲಕ ಹೋಗದ ಒಂದು ಮೀಸಲು ಲೈನನ್ನು ಅವರು ಮೊದಲೇ ಬಾಡಿಗೆಗೆ ಹಿಡಿದಿದ್ದರು. ಬಾಂಬ್ ಬಿದ್ದು ಬೇರೆಯವರ ಫೋನ್ ಸತ್ತಾಗ ಅವರದು ನಡೆಯಿತು. ಜಗತ್ತು ಟಿವಿ ಮುಂದೆ ಕೂತು ನೋಡಿದ್ದು ಒಂದು ನಕ್ಷೆ, ಮೂರು ಮುಖದ ಫೋಟೊ. ಕೇಳಿದ್ದು ರೇಡಿಯೋ. ಆಮೇಲೆ ಅಮೆರಿಕದ ಸೇನೆ ತಾನೇ ಆರಿಸಿದ ವಿಡಿಯೋಗಳನ್ನು ಕೊಡತೊಡಗಿತು. ಕಿಟಕಿಗೇ ಗುರಿಯಿಟ್ಟು ಹೋಗಿ ಬೀಳುವ ಬಾಂಬುಗಳು. ನೋಡಿದವರೆಲ್ಲ ಯುದ್ಧ ಎಷ್ಟು ಚೊಕ್ಕ ಆಗಿಬಿಟ್ಟಿದೆ ಅಂದುಕೊಂಡರು. ಹಾಕಿದ ಬಾಂಬುಗಳಲ್ಲಿ ಆ ಥರ ಗುರಿ ಹಿಡಿದು ಹೋಗುವಂಥವು ನೂರಕ್ಕೆ ಹತ್ತರಷ್ಟೂ ಇರಲಿಲ್ಲ. ಉಳಿದವು ಹಳೆ ಕಾಲದ ಬಾಂಬುಗಳೇ. ತೋರಿಸಿದ್ದು ಸುಳ್ಳಲ್ಲ. ತೋರಿಸದೆ ಬಿಟ್ಟದ್ದರಲ್ಲಿ ಯುದ್ಧ ಇತ್ತು.

ಕಾರ್ಗಿಲ್ ಬಂದದ್ದು 1999ರ ಮೇನಲ್ಲಿ. ನಮ್ಮ ಮನೆಗಳ ಒಳಗೆ ಟಿವಿ ಮೂಲಕ ಬಂದ ಮೊದಲ ಯುದ್ಧ ಅದು. ನಾನು ಆಗ ಈಶಾನ್ಯದಲ್ಲಿದ್ದೆ. ನನ್ನ ಕಾಗದಗಳ ಮೇಲೆ 99 ಎಪಿಒ ಅಂತ ಇರುತ್ತಿತ್ತು. ಅದು ಪೂರ್ವದ ಕಡೆಯ ಸೇನಾ ಅಂಚೆ. ಪಶ್ಚಿಮ, ಉತ್ತರ ಆದರೆ 56 ಎಪಿಒ. ಕೊಡಗಿನ ಎಷ್ಟೋ ಹೆಂಗಸರಿಗೆ ಗಡಿಯ ಭೂಗೋಳ ಗೊತ್ತಿದ್ದದ್ದು ಈ ಎರಡು ಅಂಕಿಯಿಂದ. ನನ್ನ ಹೆಂಡತಿಗೂ ಗೊತ್ತಿತ್ತು, ಇವರು ಕಾರ್ಗಿಲ್‌ನಲ್ಲಿ ಇಲ್ಲ ಅಂತ. ಆದರೆ ಟಿವಿಯಲ್ಲಿ ಫಿರಂಗಿ ಗುಡುಗಿದ ಹಾಗೆಲ್ಲ, ಬೇರೆ ಕಡೆಯ ಪಡೆಗಳನ್ನು ಅಲ್ಲಿಗೆ ಕಳಿಸುತ್ತಿದ್ದಾರಂತೆ ಅನ್ನುವ ಮಾತು ಬಂದ ಹಾಗೆಲ್ಲ, ಅವಳು ಕಾಗದ ತೆಗೆದು ಮತ್ತೆ ಆ ಅಂಕಿ ನೋಡುತ್ತಿದ್ದಳಂತೆ. ಕಾಗದದ ದಿನಾಂಕ ನೋಡಿದರೆ ಹನ್ನೆರಡು ದಿನ ಹಳತು. ಟಿವಿಯಲ್ಲಿ ಮೂಲೆಯಲ್ಲಿ ಲೈವ್ ಅಂತ ಬರುತ್ತಿದೆ. ಯಾವುದನ್ನು ನಂಬುವುದು? ನನಗೆ ಫೋನ್ ಸಿಕ್ಕಿದ್ದು ಹದಿನೇಳು ದಿನದ ಮೇಲೆ. "ಊಟ ಆಯ್ತಾ?" ಅಂತ ಕೇಳಿದಳು. ಆಮೇಲೆ ಅಳು. ಎಸ್‌ಟಿಡಿ ಬೂತಿನವರು ಬಾಗಿಲು ಎಳೆದು ಹೊರಗೆ ಹೋಗಿ ನಿಂತರಂತೆ.

ಕಾರ್ಗಿಲ್‌ನಲ್ಲಿ ಟೆಲಿಫೋನ್ ಇನ್ನೊಂದು ಕೆಲಸವನ್ನೂ ಮಾಡಿತು. ಪಾಕಿಸ್ತಾನದ ಸೇನಾ ಮುಖ್ಯಸ್ಥ ಮುಷರಫ್ ಬೀಜಿಂಗ್‌ಗೆ ಹೋಗಿದ್ದಾಗ ಪಾಕಿಸ್ತಾನದಲ್ಲಿದ್ದ ತಮ್ಮ ಜನರಲ್ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಿದರು. ಬೆಟ್ಟದ ಮೇಲೆ ಇರುವವರು ಬರೀ ಉಗ್ರರು ಅನ್ನುವ ಅವರ ಸರ್ಕಾರದ ಮಾತನ್ನು ಆ ಸಂಭಾಷಣೆಯೇ ಸುಳ್ಳು ಮಾಡಿತು. ಭಾರತ ಅದನ್ನು ಹಿಡಿದು ಜೂನ್ 11ರಂದು ಪತ್ರಕರ್ತರಿಗೆ ಕೊಟ್ಟಿತು. ಕದ್ದು ಕೇಳಿದ್ದನ್ನು ಹೀಗೆ ಬಯಲು ಮಾಡುವುದು ನಮ್ಮ ವೃತ್ತಿಯಲ್ಲಿ ಬಹಳ ಅಪರೂಪ. ಬಯಲು ಮಾಡಿದ ಕೂಡಲೇ ಎದುರಿನವರು ಆ ಲೈನ್ ಬಿಟ್ಟುಬಿಡುತ್ತಾರೆ, ಅಲ್ವಾ? ಜಗತ್ತಿನ ಜನರ ಅಭಿಪ್ರಾಯ ಅಷ್ಟು ದುಬಾರಿ ವಸ್ತು ಆಗಿತ್ತು ಅಂತ ಲೆಕ್ಕ. ಅದೇ ತಿಂಗಳು ಪಾಕಿಸ್ತಾನ ಟಿವಿಯನ್ನು ಇಲ್ಲಿನ ಕೇಬಲ್‌ನಲ್ಲಿ ತೋರಿಸಬಾರದು ಅಂತ ಆದೇಶವೂ ಬಂತು. ನಮ್ಮದನ್ನು ಜಾಸ್ತಿ ಕೇಳಿಸು, ಅವರದನ್ನು ತಡೆ. 1914ರ ಕತ್ತರಿಯ ಕೆಲಸವೇ, ಸ್ವಲ್ಪ ನಯವಾಗಿ.

ಲೈವ್ ತೋರಿಸುವುದರ ಅಪಾಯ ಎಲ್ಲರಿಗೂ ಅರ್ಥವಾದದ್ದು 2008ರ ನವೆಂಬರ್ 26ರ ಮುಂಬೈ ದಾಳಿಯಲ್ಲಿ. ಕಮಾಂಡೋಗಳು ಎಲ್ಲಿ ಇಳಿಯುತ್ತಿದ್ದಾರೆ ಅಂತ ಚಾನೆಲ್‌ಗಳು ತೋರಿಸುತ್ತಿದ್ದವು. ಪಾಕಿಸ್ತಾನದಲ್ಲಿ ಕೂತವರು ಅದನ್ನು ನೋಡಿ ಒಳಗಿದ್ದ ಉಗ್ರರಿಗೆ ಫೋನಿನಲ್ಲಿ ಹೇಳುತ್ತಿದ್ದರು. 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚಾನೆಲ್‌ಗಳನ್ನು ಕಟುವಾಗಿ ಟೀಕಿಸಿತು. ಸೇನಾ ಕಾರ್ಯಾಚರಣೆಯನ್ನು ಲೈವ್ ತೋರಿಸಬೇಡಿ ಅಂತ 2025ರ ಏಪ್ರಿಲ್ 26ರಂದು ಸರ್ಕಾರ ಮತ್ತೆ ಸೂಚನೆ ಕೊಟ್ಟದ್ದು ಈ ಹಿನ್ನೆಲೆಯಲ್ಲೇ. ಸರ್ಕಾರದ ಎಲ್ಲ ನಿರ್ಬಂಧಗಳನ್ನೂ ನಾನು ಒಪ್ಪುವುದಿಲ್ಲ. ಇದನ್ನು ಪೂರ್ತಿ ಒಪ್ಪುತ್ತೇನೆ.

ಈಗ ಚಾನೆಲ್ ಬೇಕಾಗೇ ಇಲ್ಲ, ಕೈಯಲ್ಲಿರುವ ಫೋನೇ ಸಾಕು. 2017ರ ನವೆಂಬರ್‌ನಲ್ಲಿ ಸ್ಟ್ರಾವಾ ಅನ್ನುವ ವ್ಯಾಯಾಮದ ಆ್ಯಪ್ ತನ್ನ ಬಳಕೆದಾರರು ಓಡಿದ ದಾರಿಗಳ ನಕ್ಷೆ ಹಾಕಿತ್ತು. ಮರುಭೂಮಿಯ ನಡುವೆ ಸೈನಿಕರ ಬೆಳಗಿನ ಓಟದಿಂದ ಅಮೆರಿಕದ ನೆಲೆಗಳ ಆಕಾರವೇ ಮೂಡಿಬಂದಿತ್ತು. 2023ರ ಹೊಸ ವರ್ಷದ ಮೊದಲ ನಿಮಿಷಗಳಲ್ಲಿ ಉಕ್ರೇನ್‌ನ ಮಕಿಯಿವ್ಕಾದಲ್ಲಿ ರಷ್ಯಾದ ಸೈನಿಕರಿದ್ದ ಕಟ್ಟಡಕ್ಕೆ ರಾಕೆಟ್ ಬಿತ್ತು. 89 ಜನ ಸತ್ತರು ಅಂತ ರಷ್ಯಾ ಒಪ್ಪಿಕೊಂಡಿತು. ಸೈನಿಕರು ಒಟ್ಟಿಗೆ ಮೊಬೈಲ್ ಬಳಸಿದ್ದೇ ಮುಖ್ಯ ಕಾರಣ ಅಂತ ಅವರ ಸೇನೆ ಹೇಳಿತು. ಅಧಿಕಾರಿಗಳು ತಮ್ಮ ತಪ್ಪನ್ನು ಸತ್ತ ಹುಡುಗರ ಮೇಲೆ ಹಾಕಿದರು ಅನ್ನುವ ಅನುಮಾನ ನನಗಿದೆ. ಆದರೆ ಫೋನ್ ಹೀಗೆ ಜಾಗ ತೋರಿಸಬಲ್ಲದು ಅನ್ನುವುದು ನಿಜ. ಮಾತಾಡದೆ ಇದ್ದರೂ ಅದು ಆಗಾಗ ಟವರ್‌ಗೆ ನಾನಿಲ್ಲಿದ್ದೇನೆ ಅಂತ ಕೂಗುತ್ತಲೇ ಇರುತ್ತದೆ. ನಮ್ಮ ಸೇನೆ 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಅಳಿಸಿ ಅಂತ ಸೈನಿಕರಿಗೆ ಹೇಳಿದ್ದು ಸುಮ್ನೆ ಅಲ್ಲ.

ಇಷ್ಟು ಹೇಳಿದ ಮೇಲೆ, ಫೋನೇ ಬೇಡ, ಎಲ್ಲ ಬಂದ್ ಮಾಡಿ ಅನ್ನುವವರ ಕಡೆಯವನು ನಾನು ಅಂದುಕೊಳ್ಳಬೇಡಿ. 2023ರ ಅಕ್ಟೋಬರ್ 27ರ ರಾತ್ರಿ ಗಾಜಾದಲ್ಲಿ ಫೋನ್, ಇಂಟರ್‌ನೆಟ್ ಎರಡೂ ನಿಂತವು. ಗಾಯಗೊಂಡವರು ಆಂಬುಲೆನ್ಸ್ ಕರೆಯಲು ಆಗಲಿಲ್ಲ. ಸದ್ದು ಬಂದ ಕಡೆಗೆ ಆಂಬುಲೆನ್ಸ್‌ನವರೇ ಓಡಬೇಕಾಯಿತು. ಹೊರಗಿನವರಿಗೆ ಆ ರಾತ್ರಿ ಏನೂ ಕಾಣಲಿಲ್ಲ. ಕಾಣದ್ದರಿಂದ ಏನೂ ನಡೆಯಲಿಲ್ಲ ಅಂತ ಅರ್ಥವಾ? ಇದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಕರೆಂಟಿಲ್ಲ, ಟವರಿಲ್ಲ. ಮಕ್ಕಂದೂರು, ಜೋಡುಪಾಲದ ಕಡೆಯವರು ಬದುಕಿದ್ದಾರಾ ಅಂತ ಬೆಂಗಳೂರಿನಲ್ಲಿದ್ದ ಮಕ್ಕಳು ದಿನಗಟ್ಟಲೆ ಒದ್ದಾಡಿದರು. ಸಂಪರ್ಕ ಕಡಿದ ಊರಿನ ಕಷ್ಟ ಎಣಿಕೆಗೆ ಸಿಗುವುದು ತಡವಾಗಿ.

ಉಕ್ರೇನ್‌ನಲ್ಲಿ ಇದ್ದ ನಮ್ಮ ಕರ್ನಾಟಕದ ಮಕ್ಕಳನ್ನು ನೆನಪಿಸಿಕೊಳ್ಳಿ. 2022ರ ಫೆಬ್ರವರಿ 24ರಿಂದ ನೆಲಮಾಳಿಗೆಗಳಲ್ಲಿ, ಮೆಟ್ರೋ ನಿಲ್ದಾಣಗಳಲ್ಲಿ ಕೂತು ವಿಡಿಯೋ ಕಾಲ್ ಮಾಡುತ್ತಿದ್ದರು. ಎಷ್ಟು ಪರ್ಸೆಂಟ್ ಚಾರ್ಜ್ ಇದೆ ಅನ್ನುವುದೇ ಮನೆಯವರ ಮೊದಲ ಪ್ರಶ್ನೆ ಆಗಿತ್ತು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಸಿಕ್ಕಿ ತೀರಿಕೊಂಡ. ಅವತ್ತಿನವರೆಗೆ ಆ ಯುದ್ಧ ನಮ್ಮಲ್ಲಿ ಬಹಳ ಜನಕ್ಕೆ ಟಿವಿಯ ವಿಷಯ. ಅವತ್ತಿನಿಂದ ಅದು ನಮ್ಮೂರಿನ ವಿಷಯ. ಎಷ್ಟು ವೇಗದ ಇಂಟರ್‌ನೆಟ್ ಇದ್ದರೂ ಯುದ್ಧ ಹತ್ತಿರ ಬರುವುದು ನಮಗೆ ಗೊತ್ತಿರುವ ಒಬ್ಬರ ಮೂಲಕವೇ. ಅದೇ ಮಾರ್ಚ್ 16ಕ್ಕೆ ಉಕ್ರೇನ್ ಅಧ್ಯಕ್ಷ ಜೆಲೆನ್‌ಸ್ಕಿ ಶರಣಾಗಿ ಅನ್ನುತ್ತಿರುವ ನಕಲಿ ವಿಡಿಯೋ ಹರಿದಾಡಿತು. ಅದು ಒರಟು ಕೆಲಸ, ಕುತ್ತಿಗೆಗೂ ತಲೆಗೂ ಹೊಂದುತ್ತಿರಲಿಲ್ಲ. ಈಗ ಮಾಡಿದರೆ ಹೊಂದುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದು ಯಾವ ಕಾಲಕ್ಕೋ.

ಇಷ್ಟಾದ ಮೇಲೆ, ಮುಂದಿನ ಸಲ ಏನು ಮಾಡುವುದು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ವಯಸ್ಸಾದವರ ಚಾಳಿ. ಬಂದ ಪ್ರತಿ ವಿಡಿಯೋಗೂ ಆ ಹಳೆಯ ಫಾರಂ ಹಿಡಿಯಿರಿ. ಯಾರು ತೆಗೆದದ್ದು, ಎಲ್ಲಿ, ಯಾವಾಗ? ಮೂರರಲ್ಲಿ ಎರಡಕ್ಕೆ ಉತ್ತರ ಇಲ್ಲದಿದ್ದರೆ ವಾಪಸ್ ಕೊಟ್ಟ ಫಾರಂ ಅಂದುಕೊಳ್ಳಿ, ಮುಂದೆ ಕಳಿಸಬೇಡಿ. ವಾಟ್ಸಾಪ್ ಒಂದು ಸಂದೇಶದ ಮೇಲೆ ಎರಡು ಬಾಣದ ಗುರುತು ತೋರಿಸಿದರೆ ಅದು ಎಷ್ಟೋ ಕೈ ದಾಟಿ ಬಂದಿದೆ ಅಂತ ಅರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೇ ಕಳಿಸುವ ಹಾಗೆ ಅವರು 2020ರಲ್ಲಿ ಮಿತಿ ಹಾಕಿದ್ದಾರೆ. ಆ ಮಿತಿ ಇದ್ದೂ ಅದು ನಿಮ್ಮವರೆಗೆ ಬಂತು ಅಂದರೆ ಯೋಚಿಸಿ. ರಾತ್ರಿ ಮೂರಕ್ಕೆ ಎದ್ದು ನೋಡುವುದರಿಂದ ತಮ್ಮನಿಗೆ ಒಂದು ಗುಂಡೂ ತಪ್ಪುವುದಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸುದ್ದಿ ಕೇಳಿ. ಸಾಧ್ಯವಾದರೆ ಅಜ್ಜಿಯ ಪಕ್ಕ ಕೂತು.

ತಮ್ಮನ ವಾಟ್ಸಾಪ್‌ನ ಲಾಸ್ಟ್ ಸೀನ್ ನೋಡುತ್ತಾ ಕೂರುವುದನ್ನು ಮಾತ್ರ ಬಿಟ್ಟುಬಿಡಿ. ನನಗೆ ಗೊತ್ತು, ನೋಡಿರುತ್ತೀರಿ. ಎಲ್ಲರೂ ನೋಡುತ್ತಾರೆ. ಹಿಂದೆ ತಂತಿಯವನ ಸೈಕಲ್ ಕಂಡರೆ ಓದುವ ಮೊದಲೇ ಅಳು ಶುರುವಾಗುತ್ತಿತ್ತು. ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು, ಆ ಹೆದರಿಕೆ ಈಗ ಈ ಎರಡು ಪದಕ್ಕೆ ಬಂದು ಕೂತಿದೆ. ಆದರೆ ಕಾರ್ಯಾಚರಣೆ ಹೊತ್ತಿನಲ್ಲಿ ಫೋನ್ ಇಸಿದುಕೊಂಡು ಒಟ್ಟಿಗೆ ಇಡುವುದು ಸಾಮಾನ್ಯ. ಹಾಗಾಗಿ ಲಾಸ್ಟ್ ಸೀನ್ ಮೂರು ದಿನ ಹಳತಾದರೆ ಅವನ ಅಧಿಕಾರಿ ಸರಿಯಾಗಿ ಕೆಲಸ ಮಾಡುತ್ತಿದ್ದಾನೆ ಅಂತ ಅರ್ಥ. ರಜೆಗೆ ಬಂದಾಗ ಇದನ್ನು ಕೂತು ಮಾತಾಡಿಕೊಳ್ಳಿ. ಫೋನ್ ಬಂದ್ ಆಗುತ್ತದೆ ಅಂತ ಮೊದಲೇ ತಿಳಿದಿದ್ದರೆ ಆ ಮೌನ ಅಷ್ಟು ಕುಯ್ಯುವುದಿಲ್ಲ.

ಅಂದ ಹಾಗೆ, ಮೇ 10ರಂದು ಅಷ್ಟೆಲ್ಲ ಗಲಾಟೆಯ ನಡುವೆ ಆ ಕಾದಾಟ ನಿಂತದ್ದು ಹೇಗೆ ಗೊತ್ತಾ? ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಸೇನಾ ಕಾರ್ಯಾಚರಣೆಯ ಮಹಾನಿರ್ದೇಶಕರು ನಮ್ಮವರಿಗೆ ಒಂದು ಫೋನ್ ಮಾಡಿದರು. ಸಂಜೆ 5ಕ್ಕೆ ಗುಂಡು ನಿಲ್ಲಿಸುವುದು ಅಂತ ಮಾತಾಯಿತು. ನನ್ನಂಥ ಹಳೇ ಸಿಗ್ನಲ್ಸ್‌ನವನಿಗೆ ಅದನ್ನು ಓದಿ ಒಳಗೊಳಗೇ ಖುಷಿಯಾಯಿತು. ಆ ರಾತ್ರಿಯೂ ಡ್ರೋನ್ ಬಂದವು, ಅದು ಬೇರೆ ಮಾತು.

ಇನ್ನು ಟ್ರಂಕಿನ ಕಾಗದಗಳು. ಹಾಕಬಹುದು. 60 ವರ್ಷ ಆಗಿದೆ. ಅದರಲ್ಲಿ ಗುಟ್ಟೇನೂ ಇರಲಾರದು, ಯಾಕೆಂದರೆ ಯುದ್ಧದ ಸಮಯದ ಕಾಗದಗಳನ್ನು ಅಲ್ಲಿಯೇ ಅಧಿಕಾರಿಗಳು ಓದಿ, ಬೇಡದ್ದಕ್ಕೆ ಮಸಿ ಬಳಿದು ಕಳಿಸುತ್ತಿದ್ದರು. ನಿಮ್ಮ ಅಜ್ಜನ ಕಾಗದ ತೆರೆದು ನೋಡಿ. ನಾನು ಕ್ಷೇಮ, ಮಳೆ ನಿಂತಿತಾ, ಈ ಸಲ ಹೂಮಳೆ ಸರಿಯಾಗಿ ಬಂದಿತ್ತಲ್ಲ ಫಸಲು ಹೇಗಿದೆ, ಕರಿಯನ ಕಾಲು ವಾಸಿಯಾಯಿತಾ ಅಂತ ಇಂಥವೇ ಇರುತ್ತವೆ. ಯುದ್ಧದ ಬಗ್ಗೆ ಒಂದಕ್ಷರ ಇರುವುದಿಲ್ಲ. ಫೋಟೊ ತೆಗೆಯುವಾಗ ಲಕೋಟೆಯನ್ನೂ ಸೇರಿಸಿ ತೆಗೆಯಿರಿ, ಅಂಚೆ ಮುದ್ರೆಯ ತಾರೀಕು ಕಾಣಲಿ. ಮಡಿಕೆ ಹರಿಯದ ಹಾಗೆ ನಿಧಾನ ಬಿಡಿಸಿ. ಬೇರೆಯವರ ಹೆಸರು, ಮನೆ ವಿಷಯ ಇದ್ದರೆ ಆ ಭಾಗ ಬಿಡಿ. ಅಜ್ಜಿಯನ್ನು ಒಂದು ಮಾತು ಕೇಳಿ, ಅವು ಅವರಿಗೆ ಬಂದ ಕಾಗದಗಳು. ನಿಮ್ಮ ತಮ್ಮ ಯೂನಿಫಾರಂನಲ್ಲಿ ಇರುವ ಫೋಟೊ, ಅವನ ಯೂನಿಟ್ ಹೆಸರು, ಈಗ ಎಲ್ಲಿದ್ದಾನೆ ಅನ್ನುವುದು ಮಾತ್ರ ಆ ಪೋಸ್ಟಿನಲ್ಲಿ ಬೇಡವೇ ಬೇಡ. ಈ ಮಳೆಗಾಲಕ್ಕೆ ಮುಂಚೆ ಟ್ರಂಕನ್ನು ಒಂದು ಸಲ ಬಿಸಿಲಿಗೆ ಇಡಿ. ನಮ್ಮ ಜುಲೈ ಮಳೆಗೆ ಕಾಗದ ಬೂಷ್ಟು ಹಿಡಿಯುವುದಕ್ಕೆ ಎಂಟು ದಿನ ಸಾಕು.